ಹೆಣ್ಣು ಜಿಂಕೆ ಹೊಡೆಯೋಕೆ ಜನ ಬೇಕಾಗಿದ್ದಾರೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಜಿಂಕೆ ಬೇಟೆ ಅಂದಾಗೆಲ್ಲ ನಮ್ಮವರು "ಪಾಪ, ಮೂಕಪ್ರಾಣಿ" ಅಂತಾರೆ. ನಾನೂ ಹಾಗೇ ಅಂದವನೇ. ನಾನು ಹುಣಸೂರಿನವನು. ನಾಗರಹೊಳೆಯಲ್ಲಿ ಜಿಂಕೆ ಹೊಡೆದರೆ ಜೈಲು, ಅದು ಸರಿಯೇ, ಯಾಕಂದ್ರೆ ಅಲ್ಲಿ ಹುಲಿ, ಚಿರತೆ, ಸೀಳುನಾಯಿ ಎಲ್ಲ ಇವೆ. ನಾನೀಗ ಇರುವ ಪೆನ್ಸಿಲ್ವೇನಿಯಾದಲ್ಲಿ ತೋಳ, ಪೂಮಾ (ಚಿರತೆಯಷ್ಟು ದೊಡ್ಡ ಕಾಡುಬೆಕ್ಕು) ಎರಡನ್ನೂ ನೂರು ವರ್ಷಕ್ಕೂ ಹಿಂದೆಯೇ ಮುಗಿಸಿಬಿಟ್ಟಿದ್ದಾರೆ. ಕರಡಿ, ಕಯೋಟಿ (ನರಿಯಂಥ ಕಾಡುನಾಯಿ) ಜಿಂಕೆಯ ಮರಿಗಳನ್ನು ಹಿಡಿಯುತ್ತವೆ, ಜಿಂಕೆ ಸಂಖ್ಯೆ ಹತೋಟಿಯಲ್ಲಿಡೋಕೆ ಅದು ಸಾಲದು.

ಹಿತ್ತಲಿನ ಅವರೆ ಒಂದೇ ರಾತ್ರಿಗೆ ಬೋಳಾಯಿತು, ಅದು ಬಿಡಿ. ಮನೆ ಹಿಂದಿನ ಕಾಡು ನೋಡಬೇಕು ನೀವು. ಎದೆಮಟ್ಟದವರೆಗೆ ಜರೀಗಿಡ ಬಿಟ್ಟರೆ ಹಸಿರೇ ಇಲ್ಲ. ದೊಡ್ಡ ದೊಡ್ಡ ಓಕ್ ಮರಗಳ ಕೆಳಗೆ ಒಂದು ಸಸಿ ಸಿಕ್ಕಲ್ಲ, ಚಿಗುರಿದ್ದನ್ನೆಲ್ಲ ಜಿಂಕೆ ಮೇಯ್ದಿರುತ್ತವೆ.

ಹೊಡೆಯುವವರೋ, ಕಮ್ಮಿಯಾಗುತ್ತಿದ್ದಾರೆ. 1982ರಲ್ಲಿ ದೇಶದಲ್ಲಿ ಸುಮಾರು 1.7 ಕೋಟಿ ಬೇಟೆಗಾರರಿದ್ದರು, 2016ರ ಸರ್ವೆಯಲ್ಲಿ 1.15 ಕೋಟಿ. ಪಕ್ಕದ ಮನೆಯ ಅಜ್ಜನಿಗೆ ಎಪ್ಪತ್ತು ದಾಟಿದೆ, ಅವನ ಮಕ್ಕಳು ಯಾರೂ ಕಾಡಿಗೆ ಹೋಗಲ್ಲ. ಕೊನೆಗೆ ನನ್ನನ್ನೇ ಎಳೆದುಕೊಂಡು ಹೋದ. ಸುರಕ್ಷತೆಯ ಕ್ಲಾಸು ಮುಗಿಸಿ ಲೈಸೆನ್ಸ್ ತಗೊಂಡು, ಕಿತ್ತಳೆ ಕೋಟು ಹಾಕಿಕೊಂಡು ಬೆಳಗಿನ ಜಾವ ಮರದ ಅಟ್ಟಣೆ ಮೇಲೆ ಕೂತರೆ ಕಾಲ್ಬೆರಳು ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೊದಲನೇ ಜಿಂಕೆ ಬಿದ್ದ ದಿನ ಊಟ ಸೇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಒಂದು ತಕರಾರಿದೆ. ಹಳಬರಲ್ಲಿ ಸುಮಾರು ಜನಕ್ಕೆ ಗೋಡೆಗೆ ಹಾಕಲು ಕೊಂಬು ಬೇಕು. ಹತ್ತು ಗಂಡು ಹೊಡೆದರೂ ಉಳಿದ ಒಂದೆರಡೇ ಸಾಕು, ಹೆಣ್ಣುಗಳು ಈಯುತ್ತಲೇ ಇರುತ್ತವೆ, ಅದೂ ಎಷ್ಟೋ ಸಲ ಅವಳಿ. ಹೆಣ್ಣು ಹೊಡೆಯದೆ ಸಂಖ್ಯೆ ಇಳಿಯಲ್ಲ. ಹೊಸಬರಿಗೆ ಕೊಂಬಿನ ಹುಚ್ಚು ಹತ್ತುವ ಮೊದಲೇ ಇದನ್ನು ಹೇಳಿಕೊಡಬೇಕು.

ಮಾಂಸ ಮಾರುವ ಹಾಗಿಲ್ಲ. ಜಾಸ್ತಿಯಾದರೆ 'ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್' ಅನ್ನೋ ಮಾಂಸದಾನದ ಯೋಜನೆ ಮೂಲಕ ಹಸಿದವರಿಗೆ ಕೊಡಬಹುದು, 1991ರಿಂದ ನಡೆಯುತ್ತಿದೆ.

ಇಲ್ಲಿರುವ ಕನ್ನಡಿಗರಿಗೆ ಹೇಳುವುದಿಷ್ಟೇ. ಕೋವಿ ಹಿಡಿಯೋಕೆ ಮನಸ್ಸಿಲ್ಲದಿದ್ದರೆ ಬೇಡ, ಎಕರೆಗಟ್ಟಲೆ ಜಾಗ ಇಟ್ಟುಕೊಂಡು 'ನೋ ಹಂಟಿಂಗ್' ಬೋರ್ಡ್ ಹಾಕಿದ್ದೀರಲ್ಲ, ಅದನ್ನಾದರೂ ತೆಗೆಯಿರಿ. ಮನಸ್ಸಿದ್ದವರಿಗೆ ರಜೆಯ ನೆಪವೂ ಇಲ್ಲ. ಮುಂಚೆ ಸೋಮವಾರ ಶುರುವಾಗುತ್ತಿದ್ದ ರೈಫಲ್ ಬೇಟೆಯ ಸೀಸನ್ 2019ರಿಂದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದಮೇಲಿನ ಶನಿವಾರವೇ ಶುರು. ಅಜ್ಜನ ಪಿಕಪ್ಪಿನಲ್ಲಿ ಈ ಸಲ ಇನ್ನೊಂದು ಸೀಟು ಖಾಲಿ ಇದೆ.

ಇಂತಿ,
ಹುಣಸೂರಿನ ಒಬ್ಬ ಓದುಗ, ಪೆನ್ಸಿಲ್ವೇನಿಯಾ