ಬಾಗಿದ ಪೋರ್ಟಿಕೋ ಸೋರಿದರೆ ಸಿಲಿಕೋನ್ ಬಯ್ಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮನೆ ಪುರವಣಿಯಲ್ಲಿ ಕಮಾನಿನಾಕಾರದ ಪೋರ್ಟಿಕೋಗಳ ಬಗ್ಗೆ ಬಂದ ಬರಹ ಓದಿದೆವು. ಚಿತ್ರಗಳು ಚೆಂದ ಇದ್ದವು. ಆದರೆ ಅದರಲ್ಲಿದ್ದ ಒಂದು ಸಾಲು, ‘ತಗಡಿನ ಸಂದುಗಳಿಗೆ ಒಳ್ಳೆಯ ಸಿಲಿಕೋನ್ ಹಾಕಿಸಿದರೆ ಸೋರುವ ಭಯವಿಲ್ಲ’ ಎಂಬುದು, ಮನೆ ಕಟ್ಟಿಸುವವರ ದುಡ್ಡು ಹಾಳು ಮಾಡುವಂಥದ್ದು. ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಬಾಗಿದ ಪೋರ್ಟಿಕೋಗೆ ಉದ್ದನೆಯ ಒಂದೇ ತಗಡು ಬಗ್ಗಿಸಿ, ನಾಲ್ಕೂ ಅಂಚಿಗೆ ಸ್ಕ್ರೂ ಬಿಗಿದು, ಮೇಲೊಂದು ಸಿಲಿಕೋನ್ ಗೆರೆ ಎಳೆದು ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಸೋರಿಕೆಯ ಮೂಲ ಇರುವುದೇ ಆ ಬಿಗಿತದಲ್ಲಿ. ಲೋಹಕ್ಕೆ ಅಲುಗಲು ಜಾಗ ಬೇಕು.

ಲೆಕ್ಕ ನೋಡಿ. ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲಿ 38 ಡಿಗ್ರಿ ಇದ್ದರೆ, ಬಿಸಿಲಿಗೆ ಬಿದ್ದ ಗಾಢ ಬಣ್ಣದ ತಗಡು ಸುಲಭವಾಗಿ 65 ಮುಟ್ಟುತ್ತದೆ. ಸಂಜೆ ಭರಣಿ ಮಳೆ ಹೊಡೆದರೆ ಕೆಲವೇ ನಿಮಿಷದಲ್ಲಿ 25ಕ್ಕೆ ಇಳಿಯುತ್ತದೆ. ಅಂದರೆ 40 ಡಿಗ್ರಿ ಏರಿಳಿತ. ಒಂದು ಮೀಟರ್ ಉದ್ದ ಒಂದು ಡಿಗ್ರಿ ಬಿಸಿಗೆ ಹಿಗ್ಗುವುದು ಸೀಸದಲ್ಲಿ 0.029 ಮಿ.ಮೀ., ಅಲ್ಯೂಮಿನಿಯಂನಲ್ಲಿ 0.023, ತಾಮ್ರದಲ್ಲಿ 0.017, ಉಕ್ಕಿನಲ್ಲಿ 0.012. ಮೂರು ಮೀಟರ್ ಅಲ್ಯೂಮಿನಿಯಂ ತಗಡು ಆ ಒಂದು ಸಂಜೆ ಸುಮಾರು 2.8 ಮಿ.ಮೀ. ಕುಗ್ಗುತ್ತದೆ. ಸಾಧಾರಣ ಸಿಲಿಕೋನ್ ತನ್ನ ಅಗಲದ ಶೇ 25ರಷ್ಟು ಎಳೆತ ತಡೆಯುತ್ತದೆ, 4 ಮಿ.ಮೀ. ಸಂದಿನಲ್ಲಿ ತುಂಬಿದರೆ ಅದರ ತಾಕತ್ತು ಒಂದು ಮಿ.ಮೀ. ಮಾತ್ರ. ಉಳಿದ 1.8 ಮಿ.ಮೀ. ಎಲ್ಲಿಂದ ಬರಬೇಕು? ಅಂಚು ಬಿಟ್ಟುಕೊಳ್ಳುತ್ತದೆ, ಇಲ್ಲವೇ ಸ್ಕ್ರೂ ತೂತು ಉದ್ದವಾಗುತ್ತದೆ. ಯಾವ ಕಂಪನಿಯ ಟ್ಯೂಬಾದರೂ ಇಷ್ಟೇ.

ಈ ಸಮಸ್ಯೆಗೆ ಶತಮಾನಗಳ ಹಿಂದೆಯೇ ಉತ್ತರ ಹುಡುಕಿದವರು ಸೀಸದ ತಗಡಿನ ಕೆಲಸಗಾರರು. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಗುಮ್ಮಟ, ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟ ಇವೆರಡರ ಮೇಲೂ ಇರುವುದು ಸೀಸದ ಹೊದಿಕೆ. ಇಂಗ್ಲೆಂಡಿನಲ್ಲಿ ಮನೆಬಾಗಿಲ ಸಣ್ಣ ಬಾಗುಚಾವಣಿಗೂ ಇವತ್ತಿಗೂ ಸೀಸವನ್ನೇ ಹೊದಿಸುತ್ತಾರೆ. ನಮ್ಮ ಕಡೆ ಸೀಸ ಅಂದರೆ ಬ್ಯಾಟರಿ ನೆನಪಾಗುತ್ತದೆ, ಚಾವಣಿಯಲ್ಲ. ಆದರೂ ಆ ಕೆಲಸದ ನಿಯಮಗಳನ್ನು ಒಮ್ಮೆ ತಿಳಿದುಕೊಂಡರೆ ಯಾವ ತಗಡನ್ನು ಬಾಗಿಸುವುದಕ್ಕೂ ದಾರಿ ಸಿಗುತ್ತದೆ ಎಂದು ಇದನ್ನು ಬರೆಯುತ್ತಿದ್ದೇವೆ.

ಅಲ್ಲಿ ಸೀಸದ ತಗಡು ‘ಕೋಡ್’ ಲೆಕ್ಕದಲ್ಲಿ ಸಿಗುತ್ತದೆ. ಕೋಡ್ 4 ಅಂದರೆ 1.80 ಮಿ.ಮೀ. ದಪ್ಪ, ಕೋಡ್ 5 ಅಂದರೆ 2.24, ಕೋಡ್ 6 ಅಂದರೆ 2.65. ಸಂಖ್ಯೆ ಬಂದದ್ದು ಹಳೆಯ ತೂಕದಿಂದ, ಒಂದು ಚದರ ಅಡಿಗೆ ಇಷ್ಟು ಪೌಂಡ್ ಎಂದು. ಸುರುಳಿಯ ಮೇಲೆ ಬಣ್ಣದ ಗುರುತೂ ಇರುತ್ತದೆ: 4ಕ್ಕೆ ನೀಲಿ, 5ಕ್ಕೆ ಕೆಂಪು, 6ಕ್ಕೆ ಕಪ್ಪು. ಮುಖ್ಯವಾದ ನಿಯಮ ತುಂಡಿನ ಅಳತೆಯದು. ಕೋಡ್ 4ರ ತುಂಡು 500 ಮಿ.ಮೀ. ಅಗಲ (ಅಂಚಿನ ಮಡಿಕೆ ಬಿಟ್ಟು, ಸಂದಿನಿಂದ ಸಂದಿಗೆ), 1500 ಉದ್ದ ಮೀರಬಾರದು. ಕೋಡ್ 5ಕ್ಕೆ 600 ಮತ್ತು 2000, ಕೋಡ್ 6ಕ್ಕೆ 675 ಮತ್ತು 2250. ಅದಕ್ಕಿಂತ ದೊಡ್ಡ ತುಂಡು ಹಾಕಿದರೆ ದಿನವೂ ಹಿಗ್ಗಿ ಕುಗ್ಗಿ, ಹಿಂದಿನ ಜಾಗಕ್ಕೆ ಬರಲಾಗದೆ ನಡುವೆ ಉಬ್ಬು ಏಳುತ್ತದೆ. ಕೆಲವು ವರ್ಷಕ್ಕೆ ಆ ಉಬ್ಬಿನ ನೆತ್ತಿಯಲ್ಲೇ ಕೂದಲೆಳೆಯಂಥ ಬಿರುಕು ಬರುತ್ತದೆ. ಒಳ್ಳೇ ಮಾಲು ಎಂದು ದಪ್ಪ ತಗಡು ತಂದು ಅಳತೆ ತಪ್ಪಿಸಿದವರಿಗೂ ಇದೇ ಗತಿ.

ನಮ್ಮೂರ ಅಳತೆಗೆ ಒಂದು ಉದಾಹರಣೆ. ಪೋರ್ಟಿಕೋ ಅಗಲ 2400 ಮಿ.ಮೀ. (ಹೆಚ್ಚುಕಡಿಮೆ 8 ಅಡಿ), ಗೋಡೆಯಿಂದ ಮುಂದಕ್ಕೆ 1200, ಕಮಾನಿನ ಎತ್ತರ 600 ಎಂದಿಟ್ಟುಕೊಳ್ಳಿ. ಆಗ ಕಮಾನಿನ ತ್ರಿಜ್ಯ 1500, ಬಾಗಿನ ಮೇಲೆ ಟೇಪು ಹಿಡಿದರೆ ಉದ್ದ ಸುಮಾರು 2780. ಕೋಡ್ 5ರ ಮಿತಿ 2000 ಆದ್ದರಿಂದ ಒಂದೇ ತುಂಡು ಆಗದು. ನೆತ್ತಿಗೆ ಒಂದು, ಎರಡು ಮಗ್ಗುಲಿಗೆ ಒಂದೊಂದು, ಹೀಗೆ ಮೂರು ಬೇಕು. 1200 ಆಳವನ್ನು 600ರ ಎರಡು ಪಟ್ಟಿ ಮಾಡಿದರೆ ಒಟ್ಟು ಆರು ತುಂಡು.

ಒಂದರ ಮೇಲೊಂದು ಎಲ್ಲಿ ಹತ್ತಬೇಕು ಎನ್ನುವುದು ಬಾಗುಚಾವಣಿಯ ಅಸಲಿ ಪ್ರಶ್ನೆ. ಹೀಗೆ ಹತ್ತಿ ಕೂರುವ ಭಾಗವೇ ಲ್ಯಾಪ್. ಅದರ ಮೂಲ ನಿಯಮ, ಮೇಲಿನ ತಗಡಿನ ಕೆಳ ಅಂಚಿನಿಂದ ಕೆಳಗಿನ ತಗಡಿನ ತಲೆಯವರೆಗೆ ನೇರ ಎತ್ತರ ಕನಿಷ್ಠ 75 ಮಿ.ಮೀ. ಇರಬೇಕು. ಇಳಿಜಾರು 30 ಡಿಗ್ರಿ ಇದ್ದಲ್ಲಿ ಇದಕ್ಕೆ 150 ಮಿ.ಮೀ. ಲ್ಯಾಪ್ ಸಾಕು, 15 ಡಿಗ್ರಿಗೆ 290 ಬೇಕು. ಕಮಾನಿನಲ್ಲಿ ಇಳಿಜಾರು ನೆತ್ತಿಯಲ್ಲಿ ಸೊನ್ನೆ, ಈ ಉದಾಹರಣೆಯಲ್ಲಿ ಸೂರಿನ ಹತ್ತಿರ 53 ಡಿಗ್ರಿ. ಹಾಗಾಗಿ ನೆತ್ತಿಯ ಬಳಿ ಲ್ಯಾಪ್ ಕೊಡುವುದು ಎಂದರೆ ನೀರಿಗೆ ಬಾಗಿಲು ತೆರೆದಂತೆ. ನೆತ್ತಿಯ ತುಂಡನ್ನು 1900 ಇಟ್ಟು ಎರಡೂ ಕಡೆ 950ರಂತೆ ಇಳಿಸಿದರೆ ಅದರ ಅಂಚು 36 ಡಿಗ್ರಿ ಇಳಿಜಾರಿಗೆ ಬರುತ್ತದೆ. ಮಗ್ಗುಲ ತುಂಡು ಅದರಡಿ 200 ಮಿ.ಮೀ. ತೂರಿರಲಿ. ಮೊಳೆಗಳು ಮೇಲಿನ 50ರೊಳಗೆ ಮುಗಿಯುತ್ತವೆ. ಉಳಿದ 150ಕ್ಕೆ ನೇರ ಎತ್ತರ 83 ಸಿಗುತ್ತದೆ. ಮಗ್ಗುಲ ತುಂಡಿನ ಉದ್ದ ಸೂರಿನ ಮಡಿಕೆ ಸೇರಿ 690 ಆಯಿತು. ಅಗಲದಲ್ಲಿ ಗೋಡೆ ಕಡೆ 150 ನಿಲುವಂಚು (ಗೋಡೆಗೆ ಆನಿಸಿ ಮೇಲೆತ್ತುವ ಅಂಚು), ನಡುವಿನ ರೋಲಿಗೆ (ಎರಡು ಪಟ್ಟಿ ಸೇರುವಲ್ಲಿ ತಗಡು ಹೊದೆಯುವ ದುಂಡುತಲೆಯ ಮರ) ಕೆಳಪದರ 100, ಮೇಲ್ಪದರ 150, ಮುಂಭಾಗದ ಮಡಿಕೆಗೆ 75 ಕೂಡಿಸಿ. ಒಟ್ಟು ಐದೂವರೆ ಚದರ ಮೀಟರ್. ಕೋಡ್ 5 ಚದರ ಮೀಟರಿಗೆ 25.4 ಕೆ.ಜಿ., ಗೋಡೆಯ ಫ್ಲ್ಯಾಶಿಂಗ್ (ಗೋಡೆ ಮತ್ತು ಚಾವಣಿಯ ಸಂದು ಮುಚ್ಚುವ ತಗಡು) ಸೇರಿದರೆ ಸುಮಾರು 150 ಕೆ.ಜಿ. ಮೂರು ಚೀಲ ಸಿಮೆಂಟಿನ ತೂಕ ಸದಾಕಾಲ ಪೋರ್ಟಿಕೋ ತಲೆಯ ಮೇಲೆ. ಚೌಕಟ್ಟು ಮಾಡುವ ವೆಲ್ಡರ್‌ಗೆ ಇದನ್ನು ಮೊದಲೇ ಹೇಳಬೇಕು.

ಅಡಿಹಾಸು ಹಲಗೆಯದಾದರೆ 75ರಿಂದ 100 ಮಿ.ಮೀ. ಅಗಲದ ಒಣಗಿದ ಪಟ್ಟಿಗಳನ್ನು ಗೋಡೆಯಿಂದ ಮುಂದಕ್ಕೆ ಹಾಸಿ, ಮೂಲೆ ಏಳದಂತೆ ಹತ್ರಿ ಹೊಡೆಯಬೇಕು. ಅಗಲ ಹಲಗೆ ಹಾಕಿದರೆ ಕಮಾನು ಕಮಾನಾಗದೆ ಮುರುಕು ಮುರುಕಾಗುತ್ತದೆ, ಪ್ರತಿ ಮೂಲೆಯೂ ಸೀಸದ ಮೇಲೆ ಗೆರೆ ಬಿಡುತ್ತದೆ. 18 ಮಿ.ಮೀ. ಪ್ಲೈ ಈ ತ್ರಿಜ್ಯಕ್ಕೆ ಬಗ್ಗುವುದಿಲ್ಲ. ತೆಳು ಪ್ಲೈ ಎರಡು ಪದರ ಹಾಕಿ. ಹಲಗೆ ಮತ್ತು ಸೀಸದ ನಡುವೆ ನೇಯದ ಪಾಲಿಯೆಸ್ಟರ್ ಹಾಸು ಬೇಕು. ಡಾಂಬರ್ ಫೆಲ್ಟ್ ಮಾತ್ರ ಬೇಡ. ನಮ್ಮ ಬಿಸಿಲಿಗೆ ಅದು ಕರಗಿ ತಗಡನ್ನು ಅಂಟಿಸಿಬಿಡುತ್ತದೆ, ಆಮೇಲೆ ಅಲುಗುವ ಮಾತೇ ಇಲ್ಲ. ಕೆಳಗೆ ಪಿಒಪಿ ಸೀಲಿಂಗ್ ಮಾಡಿಸುವವರು ಅಡಿಹಾಸಿನ ಕೆಳಗೆ 50 ಮಿ.ಮೀ. ಗಾಳಿಸಂದು ಬಿಡಲೇಬೇಕು. ಗಾಳಿಯಾಡದಿದ್ದರೆ ತಗಡಿನ ಒಳಮೈ ಬೆವರಿ ಬಿಳಿಪುಡಿ ಉದುರುತ್ತಾ ತೆಳುವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಎರಡು ಪಟ್ಟಿ ಸೇರುವಲ್ಲಿ 45 ಮಿ.ಮೀ.ನ ದುಂಡುತಲೆಯ ಮರದ ರೋಲ್ ಕಮಾನಿನ ಮೇಲೆ ಬಾಗಿ ಹೋಗಬೇಕು. ಇಡೀ ಮರ ಬಾಗುವುದಿಲ್ಲ. ಅಡಿಯಿಂದ 40 ಮಿ.ಮೀ.ಗೊಂದು ಗರಗಸದ ಕಚ್ಚು ಹಾಕಿ ಬಗ್ಗಿಸಬಹುದು, ಅಥವಾ 15 ಮಿ.ಮೀ.ನ ಮೂರು ಪಟ್ಟಿ ಅಂಟಿಸಿ ಬಾಗಿಸಿಯೇ ಒಣಗಿಸಬಹುದು. ಎರಡನೆಯದು ನಿಧಾನ, ಆದರೆ ನಮ್ಮ ಮತ ಅದಕ್ಕೇ.

ಇನ್ನು ತಗಡನ್ನು ಕೂರಿಸುವುದು. ಕಮಾನಿನ ಮೈ ಮೇಲೆ ಸೀಸ ತನ್ನ ಭಾರಕ್ಕೇ ಅರ್ಧ ಕೂತುಬಿಡುತ್ತದೆ. ಚಪ್ಪಟೆ ಮರದ ಬಡಿಗೆಯಿಂದ ನೆತ್ತಿಯಿಂದ ಹೊರಕ್ಕೆ ಸವರುವಂತೆ ತಟ್ಟಿದರೆ ಸಾಕು. ಕಬ್ಬಿಣದ ಸುತ್ತಿಗೆ ಹತ್ತಿರ ತರಬಾರದು. ಕಷ್ಟ ಇರುವುದು ಎರಡು ಅಂಚಿನಲ್ಲಿ. ಗೋಡೆ ಕಡೆ 150 ಮಿ.ಮೀ. ಮೇಲೆತ್ತಿದಾಗ ಅಂಚಿನ ತ್ರಿಜ್ಯ 1500ರಿಂದ 1650 ಆಗುತ್ತದೆ. ಅಂದರೆ 1900 ಉದ್ದದ ತಗಡಿನ ಮೇಲಂಚು 2090ಕ್ಕೆ ಹಿಗ್ಗಬೇಕು, ಪೂರಾ ಶೇ 10. ಮುಂಭಾಗದಲ್ಲಿ ಇದರ ತಿರುವುಮುರುವು: 75 ಮಿ.ಮೀ. ಕೆಳಗೆ ಮಡಚಿದ ಅಂಚು 1805ಕ್ಕೆ ಕುಗ್ಗಬೇಕು. ಹಿಗ್ಗುವಲ್ಲಿ ಅವಸರ ಮಾಡಿದರೆ ತಗಡು ತೆಳುವಾಗಿ ಹರಿಯುತ್ತದೆ, ಕುಗ್ಗುವಲ್ಲಿ ಸೀರೆಯ ನೆರಿಗೆಯಂತೆ ಮಡಿಕೆ ಬೀಳುತ್ತದೆ. ನೆರಿಗೆಯನ್ನು ಮೇಲಿಂದ ಬಡಿದು ಕೂರಿಸಿದರೆ ಪದರ ಪದರವಾಗಿ ಮಡಚಿಕೊಂಡು ಅಲ್ಲೇ ಸೀಳುತ್ತದೆ. ಹಾಗಾಗಿ ಒಂದೇ ಸಲಕ್ಕೆ 90 ಡಿಗ್ರಿ ಎತ್ತುವುದಿಲ್ಲ. 20–25 ಡಿಗ್ರಿಯಂತೆ ನಾಲ್ಕು ಸುತ್ತಿನಲ್ಲಿ, ಒಳಗಡೆ ಒಂದು ಕೋಲು ಆನಿಸಿ ಹಿಡಿದು, ಹೊರಗಿನಿಂದ ಮರದ ಕೊಡತಿಯಲ್ಲಿ ಸಣ್ಣ ಸಣ್ಣ ಏಟು ಕೊಡುತ್ತಾ ಲೋಹವನ್ನು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನಡೆಸಿಕೊಂಡು ಹೋಗುತ್ತಾರೆ. ಚಪಾತಿ ಹಿಟ್ಟನ್ನು ಅಂಗೈಯಲ್ಲಿ ದೂಡಿದಂತೆ ಅದು ನಿಜವಾಗಿಯೂ ಹರಿಯುತ್ತದೆ. ಅಲ್ಯೂಮಿನಿಯಂಗೆ ಈ ಗುಣವಿಲ್ಲ. ಅದಕ್ಕೇ ನಮ್ಮ ಕಡೆ ಅಂಚಿಗೆ ಕತ್ತರಿ ಹಾಕಿ ಹಲ್ಲು ಹಲ್ಲಾಗಿ ಮಡಚಿ, ಸಂದಿಗೆ ಸಿಲಿಕೋನ್ ತುಂಬುವುದು. ಸೋರುವುದು ಆ ಹಲ್ಲಿನ ಬುಡದಲ್ಲೇ.

ಮೊಳೆಯ ವಿಷಯದಲ್ಲಿ ಒಂದೇ ಮಾತು, ಪ್ರತಿ ತುಂಡಿಗೂ ಒಂದು ಕಡೆ ಹಿಡಿತ, ಉಳಿದ ಕಡೆ ಬಿಡುಗಡೆ. ಮಗ್ಗುಲ ತುಂಡಿನ ತಲೆಗೆ 25 ಮಿ.ಮೀ. ಉದ್ದದ ಅಗಲತಲೆಯ ತಾಮ್ರದ ಮೊಳೆ, 75 ಮಿ.ಮೀ.ಗೆ ಒಂದರಂತೆ, ಎರಡು ಸಾಲು, ಒಂದರ ಸಂದಿಗೆ ಇನ್ನೊಂದು. ರೋಲಿನ ಮೇಲೆ ಕೆಳಪದರಕ್ಕೆ ಮಾತ್ರ ಮೊಳೆ. ಮೇಲ್ಪದರ ಸುಮ್ಮನೆ ಹೊದ್ದು, ಆಚೆ 40 ಮಿ.ಮೀ. ಚಪ್ಪಟೆಯಾಗಿ ಕೂರುತ್ತದೆ. ನೆತ್ತಿಯ ತುಂಡು ಎರಡೂ ಕಡೆ ಸಮ ತೂಗುವುದರಿಂದ ಜಾರುವುದಿಲ್ಲ. ಅಂಚುಗಳನ್ನು 50 ಮಿ.ಮೀ. ಅಗಲದ ತಾಮ್ರ ಅಥವಾ ಸ್ಟೇನ್‌ಲೆಸ್ ಕ್ಲಿಪ್ಪು ಹಿಡಿಯುತ್ತದೆ, ಸಾಮಾನ್ಯವಾಗಿ 450ಕ್ಕೊಂದು. ಜೋಗಿಮಟ್ಟಿ ಸುತ್ತ ಗಾಳಿಯಂತ್ರ ನೆಟ್ಟಿರುವ ಚಿತ್ರದುರ್ಗದ ಗಾಳಿಗೆ 300ಕ್ಕೊಂದು ಹಾಕುವುದು ಒಳ್ಳೆಯದು.

ಗೋಡೆಯ ಫ್ಲ್ಯಾಶಿಂಗ್‌ಗೆ ಗ್ರೈಂಡರ್‌ನಲ್ಲಿ 25 ಮಿ.ಮೀ. ಆಳದ ಕಚ್ಚು ಹೊಡೆದು, ಕೋಡ್ 4ರ ತುಂಡುಗಳನ್ನು (ಒಂದೂವರೆ ಮೀಟರ್ ಮೀರದಂತೆ, ಬಾಗಿನ ಮೇಲೆ ಒಂದೇ ಮೀಟರ್ ಇದ್ದರೆ ಉತ್ತಮ) 100 ಮಿ.ಮೀ. ಲ್ಯಾಪಿನಲ್ಲಿ ತೂರಿಸಿ, 450ಕ್ಕೊಂದು ಸೀಸದ ಬೆಣೆ ಬಡಿಯುತ್ತಾರೆ. ಸಿಲಿಕೋನ್‌ಗೆ ಜಾಗ ಇರುವುದು ಈ ಕಚ್ಚಿನಲ್ಲಿ ಮಾತ್ರ. ನಮ್ಮ ಮೇಸ್ತ್ರಿಗಳು ಇಲ್ಲಿ ಸಿಮೆಂಟ್ ಮೆತ್ತುತ್ತಾರೆ. ಒಂದು ಬೇಸಿಗೆಗೆ ಅದು ಉದುರುತ್ತದೆ, ಅಷ್ಟೇ ಅಲ್ಲ, ಹಸಿ ಸಿಮೆಂಟಿನ ಕ್ಷಾರ ಸೀಸವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಗಾರೆ ತಾಗುವ ಭಾಗಕ್ಕೆ ಬಿಟುಮೆನ್ ಬಣ್ಣ ಬಳಿದಿರಬೇಕು. ಹೊಸ ಸೀಸದ ಮೇಲೆ ಮಳೆ ಬಿದ್ದರೆ ಗೋಡೆಗೆ ಬಿಳಿ ಕಲೆ ಇಳಿಯುತ್ತದೆ. ಅದನ್ನು ತಪ್ಪಿಸಲು ಕೆಲಸ ಮುಗಿದ ದಿನವೇ ಪ್ಯಾಟಿನೇಶನ್ ಎಣ್ಣೆ ಸವರುತ್ತಾರೆ, ಅಂಚಿನ ಒಳಭಾಗಕ್ಕೂ ಸೇರಿಸಿ.

ಇಷ್ಟೆಲ್ಲ ಹೇಳಿಯೂ, ದಾವಣಗೆರೆ–ಚಿತ್ರದುರ್ಗದ ಮನೆಗಳಿಗೆ ಸೀಸವನ್ನೇ ಹೊದಿಸಿ ಎಂದು ನಾವು ಹೇಳುವುದಿಲ್ಲ. ಕೊಳವೆಬಾವಿಯಲ್ಲಿ ಫ್ಲೋರೈಡ್ ಇರುವ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳು ಚಾವಣಿಯ ಮಳೆನೀರನ್ನೇ ಕುಡಿಯಲು ಹಿಡಿಯುತ್ತವೆ. ಸೀಸದ ಮೇಲೆ ಹರಿದ ನೀರು ನೆಲದಡಿಯ ನೀರಿನ ತೊಟ್ಟಿಗೆ ಸೇರಬಾರದು, ಕರಿಬೇವಿನ ಗಿಡದ ಬುಡಕ್ಕೂ ಬೇಡ. ಸೀಸ ಮಕ್ಕಳ ಮಿದುಳಿಗೆ ವಿಷ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚಾವಣಿ ಸುಟ್ಟಾಗ ಸುತ್ತಲಿನ ಬೀದಿಗಳಲ್ಲಿ, ಶಾಲೆಗಳಲ್ಲಿ ಸೀಸದ ಧೂಳು ತೊಳೆಯಬೇಕಾಯಿತು. ಗುಜರಿ ಬ್ಯಾಟರಿ ಕರಗಿಸಿ ತಗಡು ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಗೇಟಿನಿಂದಲೇ ಕಳಿಸಿ. ಅದರಲ್ಲಿ ಆಂಟಿಮನಿ ಬೆರೆತಿರುವುದರಿಂದ ತಗಡು ಗಡುಸಾಗಿ ಬಾಗುವುದಿಲ್ಲ, ಹೊಗೆ ಇಡೀ ಓಣಿಗೆ ಹಬ್ಬುತ್ತದೆ. ಹಳೆ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಹೇಳುತ್ತವೆ.

ಇಲ್ಲಿಗೆ ಹೊಂದುವುದು 0.7ರಿಂದ 0.9 ಮಿ.ಮೀ. ಅಲ್ಯೂಮಿನಿಯಂ, ಚದರ ಮೀಟರಿಗೆ ಎರಡೂವರೆ ಕೆ.ಜಿ. ಒಳಗೇ. ಆದರೆ ನಿಯಮ ಸೀಸದ್ದೇ ಇರಲಿ: ಕಿರಿದಾದ ಪಟ್ಟಿ, ನಡುವೆ ಎರಡು ತಗಡಿನ ಅಂಚು ಎತ್ತಿ ಒಟ್ಟಿಗೆ ಮಡಚಿದ 25 ಮಿ.ಮೀ. ಎತ್ತರದ ಸಂದು, ತಗಡಿಗೆ ತೂತು ಹೊಡೆಯದೆ ಒಳಗಿನಿಂದ ಹಿಡಿಯುವ ಕ್ಲಿಪ್ಪು. ಗೋಡೆ ಕಡೆಯ ಬಾಗಿದ ನಿಲುವಂಚನ್ನು ಅದೇ ತಗಡಿನಲ್ಲಿ ಎಬ್ಬಿಸುವ ಸಾಹಸ ಬಿಟ್ಟು, ಕಮಾನಿನ ಆಕಾರಕ್ಕೆ ಬೇರೆಯೇ ಕತ್ತರಿಸಿದ ಪಟ್ಟಿಯನ್ನು ಅಂಚಿಗೆ ಮಡಚಿ ಸೇರಿಸಿ. ತಾಮ್ರದ ಮೊಳೆ, ತಾಮ್ರದ ಕ್ಲಿಪ್ಪು ಇಲ್ಲಿ ಸಲ್ಲ. ತಾಮ್ರ ತಾಗಿದ ನೀರು ಅಲ್ಯೂಮಿನಿಯಂ ಅನ್ನು ತೂತು ಮಾಡುತ್ತದೆ. ಸ್ಟೇನ್‌ಲೆಸ್ ಬಳಸಿ.

ಬಾಕಿ ಹಣ ಕೊಡುವ ಮೊದಲು ಪೈಪು ಹಿಡಿದು ಪರೀಕ್ಷೆ ಮಾಡಿಸಿ. ಸೂರಿನಿಂದ ಶುರುಮಾಡಿ, ಒಂದೊಂದು ಸಂದಿಗೆ ಹತ್ತು ನಿಮಿಷ ನೀರು ಬಿಟ್ಟು, ಕೆಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ, ಆಮೇಲೆ ಮೇಲಿನ ಸಂದಿಗೆ ಹೋಗಿ. ಮೊದಲೇ ನೆತ್ತಿಗೆ ನೀರು ಬಿಟ್ಟರೆ ಎಲ್ಲಾ ಸಂದೂ ಒಟ್ಟಿಗೆ ತೊಯ್ದು, ಹನಿ ಎಲ್ಲಿಂದ ಬಂತು ಎಂದು ಹುಡುಕುವುದೇ ಆಗುತ್ತದೆ.

ಇತಿ,
ತಗಡು ಮತ್ತು ಚಾವಣಿ ಕೆಲಸದ ಕೆಲವರು,
ದಾವಣಗೆರೆ