ನಮ್ಮ ಹಾಸ್ಟೆಲ್ ಅಡುಗೆಮನೆಯ ಗ್ಯಾಸ್ ಡ್ರಮ್‌ಗೆ ನೆರವಾಗಿ

ಆತ್ಮೀಯ ಹಿತೈಷಿಗಳೇ,

ಅಡುಗೆಮನೆಯ ಹಿಂದೆ ತರಕಾರಿ ಕಸದಿಂದ ಒಲೆಗೆ ಗ್ಯಾಸ್ ಮಾಡುವ ತೊಟ್ಟಿ ನಿಮಗೆಲ್ಲ ಗೊತ್ತೇ ಇದೆ. ಶಾಲೆಗೆ ಯಾರೇ ಬಂದರೂ ನಾವು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಈಗ ಅದರ ಗ್ಯಾಸ್ ಹಿಡಿದಿಡುವ ಕಬ್ಬಿಣದ ಡ್ರಮ್ ತೂತು ಬಿದ್ದಿದೆ. ಸೋಪಿನ ನೀರು ಹಚ್ಚಿದರೆ ಬೆಸುಗೆಯ ಉದ್ದಕ್ಕೂ ಗುಳ್ಳೆ ಏಳುತ್ತವೆ. ಡ್ರಮ್ ಮೇಲೆತ್ತಿ ವೆಲ್ಡಿಂಗ್ ಮಾಡಿಸಿದೆವು. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲೇ ಬಾಯಿ ಬಿಡುತ್ತದೆ. ಗ್ಯಾಸ್‌ನಲ್ಲಿರುವ ಹೈಡ್ರೋಜನ್ ಸಲ್ಫೈಡ್ ತೇವದ ಜೊತೆ ಸೇರಿ ವರ್ಷಗಟ್ಟಲೆ ತಗಡನ್ನು ತಿಂದಿದೆ.

ಅಡುಗೆಯ ಅಕ್ಕಂದಿರು ಮತ್ತೆ ಸೌದೆ ಒಲೆ ಮುಂದೆ ಕೂತಿದ್ದಾರೆ. ಸೌದೆ ಹಸಿ, ಹೊಗೆ ಜಾಸ್ತಿ. ಕತ್ತಲಿರುವಾಗಲೇ ಎದ್ದರೂ ಮಕ್ಕಳ ತಿಂಡಿ ತಡವಾಗುತ್ತದೆ. ಅವರು ಬಾಯಿಬಿಟ್ಟು ಏನೂ ಹೇಳಿಲ್ಲ. ಆದರೆ ಕೆಂಪಾದ ಆ ಕಣ್ಣು ನೋಡಿಕೊಂಡು ಸುಮ್ನೆ ಇರಲು ಆಗುತ್ತಾ?

ತರಕಾರಿ ಕಸದಿಂದ ಗ್ಯಾಸ್ ಆಗಲ್ಲ, ದಿನಾ ಸಗಣಿ ಬೇಕೇ ಬೇಕು ಅಂದವರು ಬಹಳ ಜನ. ನಮ್ಮ ಮಕ್ಕಳು ಮಾಡಿ ತೋರಿಸಿದರು. ಸಗಣಿ ಬೇಕಾದದ್ದು ಶುರುವಿಗೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ಸಿಪ್ಪೆ, ಕೋಸಿನ ಹೊರ ಎಲೆ, ಕೊಳೆತ ಕಾಯಿ ಎಲ್ಲ ಸಣ್ಣಗೆ ಹೆಚ್ಚಿ ನೀರಿನ ಜೊತೆ ಹಾಕುತ್ತಾ ಬಂದರು. ತರಕಾರಿ ಬೇಗ ಹುಳಿಯಾಗುತ್ತದೆ. ಒಮ್ಮೆಗೇ ಜಾಸ್ತಿ ಸುರಿದರೆ ಮೀಥೇನ್, ಅಂದರೆ ಒಲೆಯಲ್ಲಿ ಉರಿಯುವ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಅದಕ್ಕೇ ದೊಡ್ಡ ತರಗತಿಯ ಮಕ್ಕಳು ದಿನಾ ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ ಬರೆದಿಡುತ್ತಿದ್ದರು. 7ರ ಆಸುಪಾಸು ಇದ್ದರೆ ಕಸ ಹಾಕುವುದು, 6.5ಕ್ಕಿಂತ ಇಳಿದರೆ, ಅಂದರೆ ಹುಳಿ ಹೆಚ್ಚಾದರೆ, ಆ ದಿನ ಏನೂ ಇಲ್ಲ. ನಿಂಬೆ, ಕಿತ್ತಳೆ ಸಿಪ್ಪೆಗೆ ಬೇರೆ ಬುಟ್ಟಿ. ಅದರ ಎಣ್ಣೆ ಆ ಜೀವಿಗಳಿಗೆ ಆಗಿಬರಲ್ಲ. ಹೊರಬಂದ ಬಗ್ಗಡ ಶಾಲೆಯ ತೋಟಕ್ಕೆ ಹೋಗುತ್ತಿತ್ತು. ಇಷ್ಟು ಚೊಕ್ಕವಾಗಿ ನಡೆಸಿದ ಮಕ್ಕಳ ಬಗ್ಗೆ ನಮಗೆ ತುಂಬಾ ಹೆಮ್ಮೆ.

ಸೋರುವ ಡ್ರಮ್ ಇಟ್ಟುಕೊಂಡು ಕಸ ಹಾಕುವ ಹಾಗಿಲ್ಲ. ಗ್ಯಾಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್ ಇರುತ್ತದೆ. ಬೆಂಕಿಯ ಭಯ ಒಂದು ಕಡೆ. ಗಾಳಿಗೆ ಸೇರಿದರೆ ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಹೀಗಾಗಿ ತೊಟ್ಟಿ ನಿಲ್ಲಿಸಿದ್ದೇವೆ. ಕಸ ಮೂಲೆಯಲ್ಲಿ ರಾಶಿ ಬಿದ್ದು ನಾರುತ್ತಿದೆ.

ನಮಗೆ ಬೇಕಿರುವುದು ತುಕ್ಕು ಹಿಡಿಯದ ಫೈಬರ್ ಡ್ರಮ್, ಹೊಸ ಪೈಪು, ಕಸ ಅರೆಯುವ ಒಂದು ಯಂತ್ರ. ಹೆಚ್ಚುಕಮ್ಮಿ ಅರ್ಧ ಹಣ ಹಳೆಯ ವಿದ್ಯಾರ್ಥಿಗಳಿಂದಲೇ ಕೂಡಿದೆ. ಉಳಿದರ್ಧ ಈ ತಿಂಗಳೊಳಗೆ ಆಗಬೇಕು. ಡ್ರಮ್ ಕೂರಿಸಿದ ಮೇಲೂ ಗ್ಯಾಸ್ ಸರಿಯಾಗಿ ಬರಲು ಕೆಲವು ವಾರ ಹಿಡಿಯುತ್ತದೆ. ರಜೆ ಮುಗಿದು ಮಕ್ಕಳೆಲ್ಲ ವಾಪಸ್ ಬರುವಷ್ಟರಲ್ಲಿ ಒಲೆ ಹತ್ತಬೇಕು, ಅಲ್ವಾ?

ಹಣವನ್ನು ಟ್ರಸ್ಟ್ ಖಾತೆಗೆ ಹಾಕಬಹುದು, ಕಚೇರಿಗೆ ಬಂದೂ ಕೊಡಬಹುದು. ಎಷ್ಟೇ ಕೊಟ್ಟರೂ ರಶೀದಿ ಕೊಡುತ್ತೇವೆ.

ಇತಿ,
ಟ್ರಸ್ಟಿಗಳು