ಡ್ರೈವ್‌ಗಳಿಗೆ ಕೆಪಾಸಿಟರ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಕಾರ್ಖಾನೆಗಳಲ್ಲಿ ವಿದ್ಯುತ್ ಉಳಿಸುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕುಸಿದರೆ ಕೆಪಾಸಿಟರ್ ಅಳವಡಿಸಿದರಾಯಿತು ಎಂಬರ್ಥದ ಸಲಹೆಯಿತ್ತು. ಲೈನಿನಿಂದ ನೇರವಾಗಿ ಓಡುವ ಇಂಡಕ್ಷನ್ ಮೋಟರ್‌ಗಳ ಮಟ್ಟಿಗೆ ಈ ಮಾತು ಸರಿ; ಅಲ್ಲಿ ವೋಲ್ಟೇಜಿಗಿಂತ ಹಿಂದೆ ಬೀಳುವ ಕರೆಂಟನ್ನು ಕೆಪಾಸಿಟರ್ ಸರಿದೂಗಿಸುತ್ತದೆ. ವೇಗ ನಿಯಂತ್ರಣಕ್ಕೆಂದು ಡ್ರೈವ್ (ಮೋಟರಿಗೆ ಹೋಗುವ ವಿದ್ಯುತ್ತಿನ ಆವರ್ತನ ಬದಲಿಸುವ ಸಾಧನ) ಹಾಕಿದ ಮೋಟರ್‌ಗಳಿಗೂ ಅದನ್ನೇ ಅನ್ವಯಿಸಹೊರಟರೆ ದುಡ್ಡೂ ಹೋಗುತ್ತದೆ, ಕೆಪಾಸಿಟರೂ ಹೋಗುತ್ತದೆ.

ಪೀಣ್ಯದ ಘಟಕವೊಂದರಲ್ಲಿ ವಿದ್ಯುತ್ ಉಸ್ತುವಾರಿ ನೋಡಿಕೊಳ್ಳುವ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಹಳೆಯ ಮೋಟರ್‌ಗಳಿಗೆ ಒಂದೊಂದಾಗಿ ಡ್ರೈವ್ ಹಾಕಿಸಿದ ಮೇಲೆ, ವರ್ಷಗಟ್ಟಲೆ ತಂಟೆಯಿಲ್ಲದೆ ಇದ್ದ ಕೆಪಾಸಿಟರ್ ಡಬ್ಬಗಳ ನೆತ್ತಿ ಪೂರಿಯಂತೆ ಉಬ್ಬತೊಡಗಿತು. ಒಂದರಿಂದ ಎಣ್ಣೆ ಜಿನುಗಿ ಪ್ಯಾನೆಲ್ಲಿನ ತಳವೆಲ್ಲ ಅಂಟಂಟಾಗಿತ್ತು. ಸರಬರಾಜುದಾರರು ಸೂಚಿಸಿದ ಪರಿಹಾರ, ಇನ್ನಷ್ಟು ಕೆಪಾಸಿಟರ್!

ಡ್ರೈವಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು ವೋಲ್ಟೇಜ್ ಶಿಖರಕ್ಕೇರಿದ ಗಳಿಗೆಯಲ್ಲಷ್ಟೇ ಕರೆಂಟನ್ನು ತುಂಡುತುಂಡಾಗಿ ಎಳೆದುಕೊಳ್ಳುತ್ತವೆ. ಇಲ್ಲಿ ಕರೆಂಟು ವೋಲ್ಟೇಜಿಗಿಂತ ಹೆಚ್ಚೇನೂ ಹಿಂದೆ ಬಿದ್ದಿರುವುದಿಲ್ಲ, ಅದರ ಆಕಾರ ಕೆಟ್ಟಿರುತ್ತದೆ. 50 ಹರ್ಟ್ಸ್ ಜೊತೆಗೆ ಅದರ ಐದು, ಏಳು ಪಟ್ಟು ಆವರ್ತನದ, ಅಂದರೆ 250, 350 ಹರ್ಟ್ಸ್‌ನ ಹಾರ್ಮೋನಿಕ್ ಕರೆಂಟುಗಳೂ ಸೇರಿಕೊಳ್ಳುತ್ತವೆ. ಆವರ್ತನ ಹೆಚ್ಚಿದಷ್ಟೂ ಕೆಪಾಸಿಟರ್ ಸಲೀಸಾಗಿ ದಾರಿ ಬಿಡುವುದರಿಂದ ಅವು ಅದರೊಳಗೇ ನುಗ್ಗುತ್ತವೆ. ಟ್ರಾನ್ಸ್‌ಫಾರ್ಮರಿನ ಇಂಡಕ್ಟೆನ್ಸ್ ಜೊತೆ ಅನುರಣನ (ರೆಸೊನೆನ್ಸ್) ಉಂಟಾದರೆ ಆ ಕರೆಂಟುಗಳು ಹಲವು ಪಟ್ಟು ಹಿಗ್ಗಲೂಬಹುದು.

ಇದಕ್ಕೆ ಪ್ಯಾಸಿವ್, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್ ಇಲ್ಲದ ಪದ್ಧತಿಯ ಅತಿ ಸರಳ ಉಪಾಯವೆಂದರೆ ಡ್ರೈವಿನ ಮುಂದೆ ಶೇ 3 ಅಥವಾ ಶೇ 5ರ ಚೋಕ್ (ಪೂರ್ಣ ಕರೆಂಟಿನಲ್ಲಿ ಅಷ್ಟು ಪಾಲು ವೋಲ್ಟೇಜ್ ತನ್ನಲ್ಲೇ ಬೀಳಿಸಿಕೊಳ್ಳುವ ಸುರುಳಿ) ಕೂರಿಸುವುದು. ಚೋಕ್ ಇಲ್ಲದ ಡ್ರೈವಿನಲ್ಲಿ ಶೇ 80ರಷ್ಟಿರುವ ಹಾರ್ಮೋನಿಕ್ ವಿರೂಪ (50 ಹರ್ಟ್ಸ್ ಕರೆಂಟಿಗೆ ಹೋಲಿಸಿದರೆ ಹಾರ್ಮೋನಿಕ್ ಕರೆಂಟಿನ ಪ್ರಮಾಣ) ಇದರಿಂದ ಶೇ 40ರ ಆಸುಪಾಸಿಗೆ ಇಳಿದರೆ, ಪವರ್ ಫ್ಯಾಕ್ಟರ್ 0.75ರಿಂದ 0.9ರವರೆಗೆ ಏರುತ್ತದೆ. ತಾಮ್ರದ ಸುರುಳಿ, ಕಬ್ಬಿಣದ ತಿರುಳು ಬಿಟ್ಟರೆ ಅದರಲ್ಲಿ ಕೆಡುವುದಕ್ಕೇ ಏನಿಲ್ಲ. ಆಕ್ಟಿವ್ ಪದ್ಧತಿಯಲ್ಲಿ ಡಯೋಡ್‌ಗಳ ಜಾಗದಲ್ಲಿ ಐಜಿಬಿಟಿ ಎಂಬ ವೇಗದ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಕುಳಿತು ಕರೆಂಟನ್ನು ಸೈನ್ ಅಲೆಯಂತೆಯೇ ಎಳೆಯುತ್ತವೆ. ವಿರೂಪ ಶೇ 5ಕ್ಕಿಂತ ಕೆಳಗಿಳಿದು, ಪವರ್ ಫ್ಯಾಕ್ಟರ್ ಹೆಚ್ಚುಕಡಿಮೆ 1 ಆಗುತ್ತದೆ. ಬ್ರೇಕ್ ಹಾಕಿದಾಗ ಹುಟ್ಟುವ ಶಕ್ತಿಯನ್ನು ಲೈನಿಗೇ ಹಿಂದಿರುಗಿಸುವುದು ಇದರ ದೊಡ್ಡ ಗುಣ. ಆದರೆ ಖರ್ಚು ಎರಡು ಡ್ರೈವ್ ಕೊಂಡಂತೆಯೇ, ಅದರ ಸ್ವಿಚಿಂಗಿನಿಂದ ಹುಟ್ಟುವ ಬಿಸಿಯೂ ಹೆಚ್ಚು.

ಗಳಿಗೆಗೊಮ್ಮೆ ನಿಂತು ಓಡುವ ಲಿಫ್ಟು, ಕ್ರೇನು, ಸಕ್ಕರೆ ಕಾರ್ಖಾನೆಯ ಸೆಂಟ್ರಿಫ್ಯೂಜುಗಳಲ್ಲಿ ಆಕ್ಟಿವ್ ಪದ್ಧತಿಗೆ ಹಾಕಿದ ಹಣ ಮರಳಿ ಬರುತ್ತದೆ. ದಿನವಿಡೀ ಒಂದೇ ಸಮನೆ ತಿರುಗುವ ಪಂಪು, ಫ್ಯಾನುಗಳಿಗೆ ಅದು ದುಂದು ಎಂಬುದು ನನ್ನ ಅನುಭವದ ಮಾತು. ನಮ್ಮಲ್ಲಿ ಪ್ರತಿ ಡ್ರೈವಿಗೂ ಚೋಕ್ ಹಾಕಿಸಿ, ಉಳಿದ ನೇರ ಮೋಟರ್‌ಗಳಿಗಾಗಿ ಇಟ್ಟುಕೊಂಡ ಕೆಪಾಸಿಟರ್‌ಗಳಿಗೆ ಅನುರಣನ ತಪ್ಪಿಸಲು ಶೇ 7ರ ರಿಯಾಕ್ಟರ್ (ಚೋಕ್‌ನಂಥದೇ ಸುರುಳಿ) ಜೋಡಿಸಿದ್ದೇವೆ. ಆಮೇಲೆ ಡಬ್ಬ ಉಬ್ಬಿಲ್ಲ.

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿಯಿದೆ. ಡ್ರೈವ್ ಮತ್ತು ಮೋಟರಿನ ನಡುವೆ ಕೆಪಾಸಿಟರನ್ನು ಎಂದಿಗೂ ಜೋಡಿಸಬಾರದು. ಹಳೆಯ ಮೋಟರಿನ ಟರ್ಮಿನಲ್ಲಿನಲ್ಲಿ ಮೊದಲೇ ಇದ್ದರೆ ಡ್ರೈವ್ ಚಾಲೂ ಮಾಡುವ ಮುನ್ನ ಬಿಚ್ಚಿಹಾಕಬೇಕು, ಇಲ್ಲವಾದರೆ ಡ್ರೈವೇ ಸುಟ್ಟುಹೋದೀತು. ಈ ಎಚ್ಚರಿಕೆಯನ್ನಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಓದುಗ, ಪೀಣ್ಯ, ಬೆಂಗಳೂರು